ಊಟಕ್ಕೆ ಕರೆಯುವ ರಾಗ

ನನ್ನ ಕೋಣೆಗೆ ಮೊದಲ ಸಲ ಬರುವವರು ಬಾಗಿಲಲ್ಲಿ ನಿಂತು ಒಮ್ಮೆ ಮೂಗರಳಿಸಿ ಉಸಿರೆಳೆದುಕೊಳ್ಳುತ್ತಾರೆ. ಚಿಕಿತ್ಸೆ ಎಂಬ ಫಲಕ ತೂಗುವ ಜಾಗದಲ್ಲಿ ಸ್ಪಿರಿಟ್ಟಿನದೋ ಫಿನಾಯಿಲಿನದೋ ವಾಸನೆ ಇದ್ದೇ ಇರಬೇಕೆಂಬುದು ಸಮಸ್ತ ಮಧುಗಿರಿ ತಾಲ್ಲೂಕಿನ ಅಚಲ ನಂಬಿಕೆ. ನನ್ನಲ್ಲಿ ಆ ವಾಸನೆ ಇಲ್ಲ. ಕೆಳಗಿನ ಮಳಿಗೆ ಬೇಕರಿಯಾದ್ದರಿಂದ ಬೆಳಗಿನ ಹೊತ್ತು ಬನ್ನಿನ ಪರಿಮಳವೂ, ಮಧ್ಯಾಹ್ನದ ಮೇಲೆ ಖಾರದ ಕಡ್ಲೆಬೀಜ ಹುರಿಯುವ ಘಾಟೂ ಮೆಟ್ಟಿಲು ಹತ್ತಿ ಬರುತ್ತವೆ. ಬಂದವರು ಆ ಸುಗಂಧವನ್ನು ಆಘ್ರಾಣಿಸಿ, ಒಳಗಿರುವ ಒಂದು ತಂಬೂರಿ, ಒಂದು ಹಾರ್ಮೋನಿಯಂ, ನಾಲ್ಕು ಪ್ಲಾಸ್ಟಿಕ್ ಕುರ್ಚಿ ಮತ್ತು ಇವೆಲ್ಲಕ್ಕಿಂತ ಹಳೆಯದಾಗಿ ಕಾಣುವ ನನ್ನನ್ನು ನೋಡಿ, ದಾರಿ ತಪ್ಪಿ ಬಂದೆವೇನೋ ಎಂಬಂತೆ ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡದೆ ನಿಂತಿರುತ್ತಾರೆ. ಬನ್ನಿ ಕೂತ್ಕೊಳ್ಳಿ ಎಂದರೆ ಕೂರುತ್ತಾರೆ. ಅವರ ನಂಬಿಕೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಹೊಸ್ತಿಲಾಚೆಯೇ ಉಳಿದಿರುತ್ತದೆ.

ಅವರನ್ನು ದೂರುವಂತಿಲ್ಲ, ಓದುಗ ಮಹಾಶಯರೇ. ನಾನು ವೈದ್ಯನಲ್ಲ. ಸೇವಾವಧಿಯುದ್ದಕ್ಕೂ ಪ್ರೌಢಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿದ್ದವನು. ಸಂಗೀತದ ಮೇಷ್ಟ್ರು ಎಂದರೆ ಗಣಿತದ ಪಾಠ ಮುಗಿಯದಿದ್ದಾಗ ತನ್ನ ಪಿರಿಯಡ್ಡನ್ನು ಬಿಟ್ಟುಕೊಡುವ ಸಲುವಾಗಿ ನೇಮಕಗೊಂಡ ಸರ್ಕಾರಿ ನೌಕರ. ಆ ಕರ್ತವ್ಯವನ್ನು ನಿಷ್ಠೆಯಿಂದ ನಿರ್ವಹಿಸಿ ನಿವೃತ್ತನಾದ ಮೇಲೆ, ಹಾಡಲು ಶಕ್ತಿ ಇದ್ದೂ ಕೇಳುವವರಿಲ್ಲದ ಅವಸ್ಥೆಯಲ್ಲಿ ಬೆಂಗಳೂರಿಗೆ ಹೋಗಿ, ಮಕ್ಕಳ ವಯಸ್ಸಿನ ಸಹಪಾಠಿಗಳ ನಡುವೆ ಕೂತು, ಸಂಗೀತ ಚಿಕಿತ್ಸೆಯ ತರಬೇತಿ ಪಡೆದು ಬಂದೆ. ಫಲಕ ತೂಗುಹಾಕಿದ ದಿನ ನನ್ನಾಕೆ ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಚೆನ್ನಾಗಿದ್ದವರಿಗೆ ಹಾಡಿ ತಲೆನೋವು ತರಿಸಿದ್ದಾಯ್ತು, ಇನ್ನು ತಲೆನೋವಿನವರ ಸರದಿ" ಎಂದು ಆಶೀರ್ವದಿಸಿದಳು. ಹಾಗೆಂದರೂ ಫಲಕಕ್ಕೆ ಅರಿಶಿನ ಕುಂಕುಮ ಹಚ್ಚಿದವಳೂ ಅವಳೇ.

ಮೊದಮೊದಲು ಬಂದವರೆಲ್ಲ ರಾಗವನ್ನು ಗುಳಿಗೆಯೆಂದೇ ತಿಳಿದು ಬಂದವರು. ಕೊರಟಗೆರೆಯ ನಿವೃತ್ತ ಗುಮಾಸ್ತರೊಬ್ಬರು ಸಕ್ಕರೆ ಕಾಯಿಲೆಗೆ ಯಾವ ರಾಗ, ಅದನ್ನು ಊಟಕ್ಕೆ ಮುಂಚೆ ಕೇಳಬೇಕೋ ಆಮೇಲೋ ಎಂದು ವಿಚಾರಿಸಿದರು. ದಿನಾ ಬೆಟ್ಟದ ಬುಡದವರೆಗೆ ನಡೆಯಿರಿ, ನಡೆಯುತ್ತ ಮನಸ್ಸಿಗೆ ಬಂದದ್ದು ಹಾಡಿಕೊಳ್ಳಿ, ರಾಗ ಯಾವುದಾದರೂ ಸರಿ, ಡಾಕ್ಟರರ ಮಾತ್ರೆಯನ್ನು ಮಾತ್ರ ಬಿಡಬೇಡಿ ಎಂದೆ. ಇಷ್ಟು ಸುಲಭದ ಔಷಧವನ್ನು ಯಾರು ತಾನೇ ನಂಬುತ್ತಾರೆ? ಮುಖ ಸಪ್ಪಗೆ ಮಾಡಿಕೊಂಡು ಹೋದರು. ಆಮೇಲೆ ಹಾಡದೆಯೇ ನಡೆಯತೊಡಗಿದರಂತೆ, ಸಕ್ಕರೆಯೂ ಇಳಿಯಿತಂತೆ. ಕೀರ್ತಿ ಡಾಕ್ಟರರಿಗೆ ಹೋಯಿತು. ಹೋಗಬೇಕಾದದ್ದೂ ಅಲ್ಲಿಗೇ.

ಶಿರಾದ ಕಡಲೆಕಾಯಿ ವ್ಯಾಪಾರಿ ಸಾಹೇಬರೊಬ್ಬರದು ಇನ್ನೊಂದು ಬಗೆ. "ಮೇಷ್ಟ್ರೇ, ರಾತ್ರಿ ನೀಂದೇ ಬರಾಕಿಲ್ಲ. ಕಣ್ ಮುಚ್ಚಿದ್ರೆ ಮಂಡಿ ರೇಟು ಓಡ್ತಾ ಇರ್ತದೆ. ನಿಮ್ಮ ದವಾ ಏನೈತೋ ಕೊಟ್ಬುಡಿ" ಎಂದರು. ನಾನು ತಂಬೂರಿ ಮೀಟುತ್ತ, ಅದರ ನಾದದ ಜೊತೆಗೆ ಉಸಿರನ್ನು ನಿಧಾನವಾಗಿ ಬಿಡಿ ಎಂದು ಹೇಳಿಕೊಟ್ಟೆ. ಕೆಲವೇ ನಿಮಿಷಗಳಲ್ಲಿ ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಿಂದಕ್ಕೊರಗಿ, ಶ್ರುತಿಗೆ ಅಷ್ಟಾಗಿ ವಿರೋಧವಿಲ್ಲದ ಗೊರಕೆಯಲ್ಲಿ ಲೀನರಾದರು. ಎದ್ದವರು ಕಣ್ಣುಜ್ಜಿಕೊಂಡು "ಕ್ಯಾ ಸುಕೂನ್! ಏನ್ ನೆಮ್ದಿ ಮೇಷ್ಟ್ರೇ!" ಎಂದು ಕೈ ಕುಲುಕಿದಾಗ ನಾನೂ ಉಬ್ಬಿದ್ದು ನಿಜ. ನನ್ನ ತಂಬೂರಿಗಿಂತ, ಒಳಗೆ ಬರುವಾಗ ಅವರು ಫೋನನ್ನು ಡ್ರೈವರನ ಕೈಗೆ ಕೊಟ್ಟು ಬಂದದ್ದೇ ಹೆಚ್ಚು ಕೆಲಸ ಮಾಡಿತ್ತೆಂಬುದು ಆಮೇಲೆ ಹೊಳೆಯಿತು. ಆದರೂ ಫೋನನ್ನು ಕೊಟ್ಟು ಬರುವುದಕ್ಕೆ ಮನುಷ್ಯನಿಗೆ ಒಂದು ನೆಪ ಬೇಕಲ್ಲ, ಆ ನೆಪವಾದರೂ ನನ್ನ ವಿದ್ಯೆಯದು ಎಂದು ಸಮಾಧಾನ ಹೇಳಿಕೊಂಡೆ.

ನನ್ನ ವಿದ್ಯೆಯ ತಿರುಳನ್ನು ಒಂದೇ ಮಾತಿನಲ್ಲಿ ಹೇಳಿದವಳು ಮಾತ್ರ ಪಾವಗಡದ ಕಡೆಯ ಬಲಸಮುದ್ರದಿಂದ ಬಂದಿದ್ದ ಒಬ್ಬ ತಾಯಿ. ಸೋಲಾರ್ ಫಲಕಗಳನ್ನು ಒರೆಸಿ ತೊಳೆಯುವ ಕೆಲಸ ಆಕೆಯದು. ಮಾತಿನಲ್ಲಿ ಉಗ್ಗುವ ಮಗಳನ್ನು ಮುಂದೆ ಕೂರಿಸಿ, "ಮಾಟ್ಲಾಡುವಾಗ ನತ್ತಿ ಸಾರ್ ನಮ್ ಪಾಪಂಗೆ. ಪಾಟ ಹಾಡುವಾಗ ಏಮೀ ಲೇದು. ಇದೇನ್ ಸಾರ್ ಮಾಯೆ?" ಎಂದು ಕೇಳಿದಳು. ಮಾಯೆಯೇನಿಲ್ಲ ತಾಯಿ, ಮಾತು ಬರುವ ದಾರಿ ಒಂದು, ಹಾಡು ಬರುವ ದಾರಿ ಇನ್ನೊಂದು. ಮೊದಲನೆಯದರಲ್ಲಿ ಕಲ್ಲು ಬಿದ್ದಿದ್ದರೆ ಎರಡನೆಯದರಲ್ಲಿ ಸುತ್ತಿಕೊಂಡು ಊರು ಸೇರಬಹುದು ಎಂದೆ. ತರಬೇತಿಯಲ್ಲಿ ಇದನ್ನು ಮೆದುಳಿನ ಎಡಭಾಗ, ಬಲಭಾಗ ಎಂದು ಚಿತ್ರ ಬರೆದು ತೋರಿಸಿದ್ದರು. ನನಗೆ ಚಿತ್ರಕ್ಕಿಂತ ದಾರಿಯ ಲೆಕ್ಕವೇ ಸಲೀಸು.

ಸಂಗೀತ ಚಿಕಿತ್ಸೆಯ ಪ್ರಯೋಜನವೇನು ಎಂದು ಯಾರಾದರೂ ಗಂಭೀರವಾಗಿ ಕೇಳಿದರೆ ನಾನು ಇಷ್ಟನ್ನೇ ಹೇಳುತ್ತೇನೆ. ಅದು ಕಾಯಿಲೆಯನ್ನು ಓಡಿಸುವುದಿಲ್ಲ. ಕಾಯಿಲೆ ಬಂದು ಮುಚ್ಚಿದ ಮನೆಗೆ ಹಿತ್ತಲ ಬಾಗಿಲೊಂದಿದೆಯೇ ಎಂದು ನೋಡುತ್ತದೆ. ಉದ್ವೇಗಗೊಂಡವರ ಉಸಿರನ್ನು ನಿಧಾನಕ್ಕೆ ತರುತ್ತದೆ, ನಡುಗುವ ಕಾಲಿಗೆ ತಾಳ ಕೊಟ್ಟು ಹೆಜ್ಜೆ ಇಡಿಸುತ್ತದೆ, ಮರೆವು ಬಂದ ಅಜ್ಜಿಯಿಂದ ಸೋಬಾನೆ ಪದದ ಒಂದು ಚರಣವನ್ನಾದರೂ ಹೊರಡಿಸುತ್ತದೆ. ಇದರಲ್ಲಿ ಗಾಯಕನ ವಿದ್ವತ್ತಿಗೆ ಕೆಲಸ ಕಡಿಮೆ, ಕಿವಿಗೆ ಹೆಚ್ಚು. ಈ ತತ್ತ್ವವನ್ನು ಬಂದವರಿಗೆಲ್ಲ ಬೋಧಿಸುತ್ತಿದ್ದ ನಾನೇ ನನ್ನ ಕಿವಿಯನ್ನು ಮನೆಯಲ್ಲಿ ಬಿಟ್ಟು ಬಂದ ಪ್ರಸಂಗವನ್ನು ಈಗ ಹೇಳಬೇಕು.

ಮಿಡಿಗೇಶಿಯ ಅಂಗನವಾಡಿ ಟೀಚರು ಭಾಗ್ಯ ಒಂದು ಬೆಳಿಗ್ಗೆ ತನ್ನ ತಂದೆತಾಯಿಯರನ್ನು ಕರೆದುಕೊಂಡು ಬಂದಳು. ತಾಯಿ ಲಕ್ಕಮ್ಮನಿಗೆ ಹಿಂದಿನ ವರ್ಷ ಲಕ್ವ ಹೊಡೆದು ಬಲಗೈ ಬಲಗಾಲು ಸೋತಿದ್ದವು. ಕಾಲು ಸ್ವಲ್ಪ ಸುಧಾರಿಸಿತ್ತು, ಮಾತು ಮಾತ್ರ ಪೂರ್ತಿ ನಿಂತಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಹೇಳಬೇಕೆಂದಿದ್ದು ಯಾವುದೂ ಹೊರಬರುತ್ತಿರಲಿಲ್ಲ. ತಂದೆ ಸಣ್ಣೀರಪ್ಪನಿಗೆ ಅದಕ್ಕೆ ಬಹಳ ವರ್ಷ ಮೊದಲೇ ಎರಡೂ ಕಣ್ಣು ಹೋಗಿದ್ದವು. ಮಗಳ ಒಂದು ಕೈಯಲ್ಲಿ ಅವ್ವ, ಇನ್ನೊಂದು ಕೈಯಲ್ಲಿ ಅಪ್ಪ, ಹೆಗಲಲ್ಲಿ ಊಟದ ಡಬ್ಬಿಯ ಚೀಲ. ಅವರು ಮೂಗರಳಿಸಲಿಲ್ಲ, ಚಪ್ಪಲಿ ಬಿಡಲು ಅನುಮಾನಿಸಲಿಲ್ಲ. ನೇರವಾಗಿ ಬಂದು ಕೂತರು. ಅನುಮಾನಕ್ಕೂ ಒಂದಿಷ್ಟು ಪುರುಸೊತ್ತು ಬೇಕು ನೋಡಿ.

"ನಮ್ಮವ್ವ ಕೈಸನ್ನೆ ಮಾಡಿದ್ರೆ ನಂಗೆ ತಿಳಿತದೆ ಸಾರ್," ಎಂದಳು ಭಾಗ್ಯ. "ನಮ್ಮಪ್ಪಂಗೆ ಹೆಂಗೆ ತಿಳಿಬೇಕು? ಮುಂಚೆ ನಮ್ಮಪ್ಪ ತಾನೊಂದೇ ಹೊಲದ ಗಂಟ ಹೋಗಿಬರ್ತಿತ್ತು. ಈಗ ಜಗಲಿ ಬುಟ್ಟು ಇಳಿಯಾಕಿಲ್ಲ. ಒಂದೇ ಒಂದು ಮಾತು ಬರಂಗೆ ಮಾಡಿ ಸಾರ್, ಸಾಕು."

ಅವಳು ಹೇಳುವುದನ್ನು ನಾನು ಅಲ್ಲೇ ಕಣ್ಣಾರೆ ಕಂಡೆ. ಲಕ್ಕಮ್ಮ ಕಿಟಕಿಯ ಬಳಿ ಕೂತಿದ್ದಳು. ಸಣ್ಣೀರಪ್ಪ ಬಾಗಿಲಿನತ್ತ ಮುಖ ಮಾಡಿ, "ಇಲ್ಲೇ ಇದ್ದೀಯೇನೇ?" ಎಂದು ಕೇಳಿದ. ಅವಳು ಹೂಂ ಎಂಬಂತೆ ತಲೆಯಾಡಿಸಿದಳು. ತಲೆಯಾಡಿಸುವುದಕ್ಕೆ ಸದ್ದಿಲ್ಲ. ಎಡಗೈ ಚಾಚಿದಳು, ಎಟುಕಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು, ಬಾಗಿಲಿನ ಕಡೆಗೇ ತಿರುಗಿ, ಬಸ್ಸಿನಲ್ಲಿ ಸೆಖೆಯಾಯಿತೇ, ನೀರು ಕುಡಿದೆಯಾ ಎಂದು ಯಾರೂ ಇಲ್ಲದ ಜಾಗಕ್ಕೆ ಉಪಚಾರದ ಮಾತಾಡಿದ. ಮನೆಯಲ್ಲೂ ಹೀಗೇ, ಗೋಡೆಯ ಜೊತೆ ಮಾತಾಡ್ತದೆ ಸಾರ್, ನಮ್ಮವ್ವ ನೋಡ್ಕಂಡು ಕಣ್ಣೀರಾಕ್ತದೆ ಎಂದು ಭಾಗ್ಯ ಮೆಲ್ಲಗೆ ಹೇಳಿದಳು. ನನ್ನ ಕಣ್ಣು ತುಂಬಿ ಬಂತು. ಚಿಕಿತ್ಸಕನಾದವನು ಹಾಗೆ ಕಣ್ಣು ತುಂಬಿಕೊಳ್ಳಬಾರದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಆ ಪಾಠ ನನಗೆ ಇಂದಿಗೂ ಬಂದಿಲ್ಲ.

ವಾರಕ್ಕೊಮ್ಮೆ ಬರತೊಡಗಿದರು. ಮಾತು ಹೋದವರಿಗೆ ಅದನ್ನು ರಾಗದ ದಾರಿಯಲ್ಲಿ ತರುವ ಕ್ರಮವೊಂದಿದೆ. ಒಂದು ಪದವನ್ನು ಎರಡೇ ಸ್ವರಗಳಲ್ಲಿ, ಒಂದು ತಗ್ಗು ಒಂದು ಎತ್ತರ, ನಿಧಾನವಾಗಿ ಎಳೆದು ಹಾಡುವುದು, ರೋಗಿಯ ಎಡಗೈ ಹಿಡಿದು ಅಕ್ಷರಕ್ಕೊಂದು ಪೆಟ್ಟಿನಂತೆ ತಾಳ ಹಾಕಿಸುವುದು, ಮೊದಲು ನಾವು, ಆಮೇಲೆ ಜೊತೆಯಲ್ಲಿ, ಕೊನೆಗೆ ಅವರೇ. ಪ್ರೀತಿಪಾತ್ರರ ಹೆಸರಿನಿಂದ ಆರಂಭಿಸಿ ಎಂದು ಹೇಳಿಕೊಟ್ಟಿದ್ದರು. ಮಗಳ ಹೆಸರಿನಿಂದ ಶುರುಮಾಡಿದೆ. ಬಹಳ ಒದ್ದಾಟದ ನಂತರ ಒಂದು ದಿನ 'ಭಾ' ಬಂತು, ಅದರ ಹಿಂದೆಯೇ ಬಾಲದಂತೆ 'ಗ್ಯ' ಬಂತು. ಅಂಗನವಾಡಿಯಲ್ಲಿ ಊರ ಮಕ್ಕಳನ್ನೆಲ್ಲ ಸಂಬಾಳಿಸುವ ಆ ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಕೆಳಗಿನಿಂದ ಎಲ್ಲರಿಗೂ ಬನ್ ತರಿಸಿದೆ.

ಆ ಉತ್ಸಾಹದಲ್ಲಿ ಗಂಡನ ಹೆಸರಿಗೆ ಕೈ ಹಾಕಿದೆ. ಸಣ್ಣೀರಪ್ಪ! ನಾಲ್ಕು ಅಕ್ಷರ, ನಡುವೆ ಒಂದು ದೀರ್ಘ, ಕೊನೆಯಲ್ಲಿ ತುಟಿ ಕೂಡುವ ಒತ್ತು. ಸಂಗೀತಗಾರನ ಬಾಯಲ್ಲಿ ನೀರೂರಬೇಕಾದ ಹೆಸರು. ಒಂದು ರಾತ್ರಿ ಕೂತು ಅದಕ್ಕೆ ಚೆಂದದ ಧಾಟಿ ಕಟ್ಟಿದೆ. ಗಂಡನನ್ನು ಎದುರಿಗೆ ಕೂರಿಸಿ, ಲಕ್ಕಮ್ಮನ ಎಡಗೈ ಹಿಡಿದು ಹಾಡಿದೆ. ಅವಳು ಬಾಯಿ ಬಿಗಿದುಕೊಂಡಳು. ಮುಂದಿನ ವಾರ ಇನ್ನೂ ಸರಳ ಮಾಡಿದೆ. ತಲೆ ತಗ್ಗಿಸಿದಳು. ಅದರ ಮುಂದಿನ ವಾರ ಎಡಗೈಯನ್ನೇ ನನ್ನ ಕೈಯಿಂದ ಬಿಡಿಸಿಕೊಂಡು ಸೆರಗೆಳೆದು ಬಾಯಿಗೆ ಅಡ್ಡ ಇಟ್ಟುಕೊಂಡಳು. ಇತ್ತ ಸಣ್ಣೀರಪ್ಪ ಪ್ರತಿ ಸಲವೂ ಕತ್ತು ಮುಂದೆ ಚಾಚಿ, ಉಸಿರು ಬಿಗಿಹಿಡಿದು ಕೂತಿರುತ್ತಿದ್ದ. ವಾರಗಟ್ಟಲೆ ಇದೇ ನಡೆಯಿತು. ಬಂದ ಮಾತು ಇಷ್ಟಕ್ಕೇ ನಿಲ್ಲುವುದೇನೋ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಮ್ಮ ಎಂದು ಒಂದು ದಿನ ಭಾಗ್ಯನಿಗೆ ಹೇಳಿಯೂಬಿಟ್ಟೆ. ಅವಳು ಡಬ್ಬಿಯ ಚೀಲ ಹೆಗಲಿಗೇರಿಸಿದಳು. ಸಣ್ಣೀರಪ್ಪನೇ, "ಇನ್ನೊಂದೆಲ್ಡು ವಾರ ನೋಡಾನ ಸಾಮಿ, ಅದೇ ಪಾಠ ಮಾಡಿ" ಎಂದು ಕೈ ಮುಗಿದ, ಹಾರ್ಮೋನಿಯಮ್ಮಿನ ಕಡೆಗೆ.

ನನಗೆ ಜ್ಞಾನೋದಯವಾದದ್ದು ಮನೆಗೆ ಗ್ಯಾಸ್ ಸಿಲಿಂಡರು ಬಂದ ದಿನ. ನಾನು ಒಳಗೆ ಮನೆಯ ಹಳೆಯ ಹಾರ್ಮೋನಿಯಮ್ಮಿನಲ್ಲಿ ಆ ಹೆಸರಿಗೆ ಮತ್ತೊಂದು ಧಾಟಿ ಹುಡುಕುತ್ತ ಕೂತಿದ್ದೆ. ಹೊರಗೆ ಸಿಲಿಂಡರಿನವನು, "ಕನೆಕ್ಷನ್ ಯಾರ ಹೆಸ್ರಲ್ಲೈತೆ ಕಣಮ್ಮ?" ಎಂದು ಕೇಳುವುದು ಕೇಳಿಸಿತು.

"ನಮ್ಮ ಯಜಮಾನರ ಹೆಸರಲ್ಲಿ."

"ಅದೇ, ಏನ್ ಹೆಸ್ರು?"

"ಅಲ್ಲೇ ಗೇಟಿನ ಮೇಲೆ ಬರೆದಿದೆಯಲ್ಲಪ್ಪ, ಓದ್ಕೋ."

ನನ್ನಾಕೆ ಎಂ.ಎ. ಓದಿದವಳು, ಇದೇ ಊರಿನ ಕಾಲೇಜಿನಲ್ಲಿ ನಿವೃತ್ತಿಯವರೆಗೆ ಇತಿಹಾಸ ಬೋಧಿಸಿದವಳು. ಚಕ್ರವರ್ತಿಗಳ ವಂಶಾವಳಿಯನ್ನೆಲ್ಲ ಪಟಪಟನೆ ಒಪ್ಪಿಸಬಲ್ಲ ಅವಳ ನಾಲಗೆ, ಮದುವೆಯಾದಂದಿನಿಂದ ನನ್ನ ಹೆಸರಿನ ಮುಂದೆ ಬಂದು ನಿಂತುಬಿಡುತ್ತದೆ. ಯಾಕೆ ಹೇಳಬಾರದು ಎಂದು ಒಳಗೆ ಬಂದವಳನ್ನು ಕೇಳಿದೆ. ಹೇಳಬಾರದು ಅಂತೇನಿಲ್ಲಪ್ಪ, ಹೊರಳಲ್ಲ ಅಷ್ಟೇ, ಹೇಳಿದರೆ ಆಯಸ್ಸು ಕಡಿಮೆಯಾಗುತ್ತೆ ಅನ್ನೋರು ನಮ್ಮಜ್ಜಿ ಎಂದು ಸಿಲಿಂಡರಿನ ಮುಚ್ಚಳ ತೆಗೆಯುತ್ತ ಹೇಳಿದಳು. ನನ್ನ ಕೈ ಹಾರ್ಮೋನಿಯಮ್ಮಿನ ಮೇಲೆ ಹಾಗೇ ನಿಂತಿತು. ಇಷ್ಟು ವಾರ ಲಕ್ಕಮ್ಮನ ಬಾಯಿ ಮುಚ್ಚಿಸಿದ್ದು ಲಕ್ವವಾಗಿರಲಿಲ್ಲ. ಗಂಡನ ಆಯಸ್ಸನ್ನು ಕಾಯುತ್ತಿದ್ದ ಹೆಂಗಸಿನ ಎದುರಿಗೆ ಗಂಡನನ್ನೇ ಕೂರಿಸಿ, ಅವನ ಹೆಸರು ಹೇಳು ಹೇಳು ಎಂದು ನಾನು ತಾಳ ಹಾಕಿ ಪೀಡಿಸಿದ್ದೆ. ಈ ಸೀಮೆಯಲ್ಲಿ ಹುಟ್ಟಿ, ಈ ಸೀಮೆಯ ಹೆಣ್ಣಿನೊಡನೆ ಬಾಳಿ, ಗೇಟಿನ ಮೇಲೆ ಹೆಸರು ಬರೆಸಿಕೊಂಡ ಪಂಡಿತ ನಾನು. ಮಾತು ಕಳೆದುಕೊಂಡವಳೂ ಮರ್ಯಾದೆಯನ್ನು ಕಳೆದುಕೊಂಡಿರುವುದಿಲ್ಲ ಎಂಬುದು ತರಬೇತಿಯ ಯಾವ ಟಿಪ್ಪಣಿಯಲ್ಲೂ ಇರಲಿಲ್ಲ.

ಮುಂದಿನ ವಾರ ಬಂದಾಗ ಮೊದಲು ಲಕ್ಕಮ್ಮನಿಗೆ ಕೈ ಮುಗಿದು, ಆ ಹೆಸರು ಇನ್ನು ಬೇಡ ತಾಯಿ, ತಪ್ಪು ನನ್ನದು ಎಂದೆ. ಅವಳ ಮುಖ ಒಮ್ಮೆಗೇ ಹಗುರಾಯಿತು. ಭಾಗ್ಯ ಹಣೆ ಚಚ್ಚಿಕೊಂಡಳು. ತಾನು ಗಂಡನನ್ನು ಹೆಸರು ಹಿಡಿದೇ ಕೂಗುವವಳಾದ್ದರಿಂದ ತನಗೂ ಹೊಳೆಯಲಿಲ್ಲವಂತೆ. ನಾನು ಸಣ್ಣೀರಪ್ಪನ ಕಡೆ ತಿರುಗಿ, ನಿನಗಾದರೂ ಗೊತ್ತಿತ್ತಲ್ಲಪ್ಪ, ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ.

ಅವನು ತಲೆ ಕೆರೆದುಕೊಂಡ. ಆ ಮುಖದಲ್ಲಿ ಅಷ್ಟು ನಾಚಿಕೆಯನ್ನು ನಾನು ಕಂಡಿರಲಿಲ್ಲ. "ನಂಗೂ ಆಸೆ ಇತ್ತು ಸಾಮಿ. ಮದ್ವೇಲಿ ಬಾಗ್ಲು ಅಡ್ಡಗಟ್ಟಿ ಹೆಸ್ರು ಹೇಳು ಅಂದಾಗ ಒಂದ್ಕಿತ ಹೇಳಿದ್ಳು. ಓಲಗದೋರು ಅದೇ ಟೈಮಿಗೆ ಊದ್ಬುಟ್ರು, ನಂಗೆ ಕೇಳ್ಸಲಿಲ್ಲ. ನಿಮ್ಮ ದೆಸೆಯಿಂದನಾದ್ರೂ ಒಂದ್ಸಲ ಕೇಳಾನ ಅಂತ ಸುಮ್ಕಿದ್ದೆ."

ಲಕ್ಕಮ್ಮ ಸೆರಗಿನೊಳಗೆ ಮುಖ ಹುದುಗಿಸಿ ನಕ್ಕಳು. ಸದ್ದಿಲ್ಲದ ನಗು. ಭುಜ ಕುಲುಕುತ್ತಿತ್ತು. ಅವನಿಗೆ ಅದು ಕಾಣುವಂತಿರಲಿಲ್ಲವಾದ್ದರಿಂದ ನಾನು, "ನಗ್ತಿದ್ದಾಳೆ ಕಣಪ್ಪ" ಎಂದು ವರದಿ ಮಾಡಬೇಕಾಯಿತು. ಹಾಗೆ ವರದಿ ಮಾಡುವಾಗ ನನ್ನ ಮನಸ್ಸಿಗೆ ಬಹಳ ಕಷ್ಟವಾಯಿತು. ಹೆಂಡತಿ ನಕ್ಕಳೆಂಬುದನ್ನು ಗಂಡ ಮೂರನೆಯವನಿಂದ ತಿಳಿಯಬಾರದು.

ಹಾಗಾದರೆ ಅವಳು ನಿನ್ನನ್ನು ಹೇಗೆ ಕರೆಯುತ್ತಿದ್ದಳು ಎಂದು ಕೇಳಿದೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ. ಅವನು ಹೇಳಿದ್ದು ಇದು. ಆ ಕಡೆಯ ಹೊಲಗಳಲ್ಲಿ ಹೊತ್ತು ನೆತ್ತಿಗೇರಿದಾಗ ಹೆಂಗಸರು ಮನೆಯ ಮುಂದೆಯೋ ಬದುವಿನ ಮೇಲೆಯೋ ನಿಂತು ಗಂಡಂದಿರನ್ನು ಊಟಕ್ಕೆ ಕೂಗುತ್ತಾರೆ. ಹೆಸರು ಹೇಳುವಂತಿಲ್ಲ, ಎಲ್ಲರ ಮಾತೂ ಒಂದೇ. ಹೀಗಾಗಿ ಒಬ್ಬೊಬ್ಬಳ ಕೂಗಿಗೂ ಒಂದೊಂದು ಧಾಟಿ. ದೂರದಿಂದ ಕೂಗು ಕೇಳಿದರೆ ಯಾರ ಹೆಂಡತಿ ಯಾರನ್ನು ಕರೆದಳೆಂದು ಇಡೀ ಬಯಲಿಗೆ ತಿಳಿಯುತ್ತದೆ, ಕರೆಸಿಕೊಂಡವನು ಮಾತ್ರ ಏಳುತ್ತಾನೆ. ಕಣ್ಣು ಹೋದ ಮೇಲೂ ಸಣ್ಣೀರಪ್ಪ ದಿನಾ ಮೇಕೆ ಹಿಡಿದುಕೊಂಡು ಹೊಲದ ಹುಣಸೆಮರದವರೆಗೆ ಹೋಗುತ್ತಿದ್ದ. ಹೋಗುವುದಕ್ಕೆ ಮೇವಿನ ಆಸೆಯಿಂದ ಮೇಕೆ ದಾರಿ ತೋರಿಸುತ್ತಿತ್ತು. "ಬರಾಕೆ ಇವಳ ಕೂಗೇ ದಾರಿ ಸಾಮಿ. ಅದನ್ನ ಹಿಡ್ಕಂಡು ಬಂದ್ಬುಡ್ತಿದ್ದೆ. ಈಗ ಹೋದ್ರೆ ಬರಾದೆಂಗೆ?" ಎಂದ. ಅವನು ಜಗಲಿ ಬಿಟ್ಟು ಇಳಿಯದ ಕಾರಣ ಆಗ ನನಗೆ ತಿಳಿಯಿತು.

ಆ ಕೂಗು ಹೇಗಿತ್ತು, ಕೂಗಿ ತೋರಿಸು ಎಂದೆ. ಗಂಡಸಾಗಿ ಅದನ್ನು ಕೂಗಲು ಅವನಿಗೆ ಸಂಕೋಚ. ಮಗಳು ಗದರಿದ ಮೇಲೆ ಗಂಟಲು ಸರಿಮಾಡಿಕೊಂಡು "ಉಣ್ಣಾಕ್ ಬಾ… ರಯ್ಯೋ" ಎಂದು ಒಡಕು ದನಿಯಲ್ಲಿ ಎಳೆದ. ನಾನು ಅದನ್ನು ಹಾರ್ಮೋನಿಯಮ್ಮಿನಲ್ಲಿ ಹಿಡಿಯಲು ಹೋದೆ. ಷಡ್ಜದಿಂದ ಹೊರಟು 'ಬಾ' ಎಂಬಲ್ಲಿ ಪಂಚಮಕ್ಕೆ ಜಿಗಿದು, ಅಲ್ಲಿಂದ ಜಾರುವಾಗ ಯಾವ ಬಿಳಿ ಕರಿ ಕಟ್ಟೆಗೂ ಸಿಕ್ಕದೆ ಎರಡು ಸ್ವರಗಳ ನಡುವಿನ ಸಂದಿಯಲ್ಲೆಲ್ಲೋ ಇಳಿಯುತ್ತದೆ. ಮೇಳಕರ್ತ ರಾಗಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿದರೂ ಇದಕ್ಕೆ ಹೆಸರು ದೊರೆಯಲಿಲ್ಲ. ಎರಡು ಮೂರು ಬಗೆಯಲ್ಲಿ ನುಡಿಸಿದೆ. ಸಣ್ಣೀರಪ್ಪ ಹಂಗಲ್ಲ ಸಾಮಿ ಎಂದ, ಮತ್ತೆ ಕೂಗಿದ. ಮತ್ತೆ ತಪ್ಪು ನುಡಿಸಿದೆ. ಅವನೂ ಮತ್ತೆ ತಪ್ಪು ಕೂಗಿದ. ನಮ್ಮಿಬ್ಬರ ಈ ಯುಗಳ ಗಾಯನವನ್ನು ಲಕ್ಕಮ್ಮ ಮೊದಮೊದಲು ಮರುಕದಿಂದ, ಆಮೇಲೆ ಅಸಹನೆಯಿಂದ ನೋಡುತ್ತಿದ್ದಳು. ತನ್ನ ಕೂಗನ್ನು ಇಬ್ಬರು ಗಂಡಸರು ಸೇರಿ ಹೀಗೆ ಹಾಳುಮಾಡುವುದನ್ನು ಯಾವ ಹೆಂಗಸು ಸಹಿಸಿಯಾಳು? ಎಡಗೈಯಿಂದ ಕುರ್ಚಿಯ ತೋಳನ್ನು ಪಟಪಟನೆ ಬಡಿದಳು. ಮೂಗಿನಲ್ಲಿ "ಊಂ… ಊಂ… ಊಂ" ಎಂದು ಒಂದು ನಾದ ಹೊರಟಿತು. ಮಾತಿರಲಿಲ್ಲ, ಧಾಟಿ ಮಾತ್ರ ಇತ್ತು. ನಾನು ಹುಡುಕಿ ಸೋತ ಆ ಸಂದಿಯಲ್ಲಿ ದನಿ ಸಲೀಸಾಗಿ ಇಳಿಯಿತು.

ಸಣ್ಣೀರಪ್ಪ ಅಲುಗಾಡಲಿಲ್ಲ. ಮುಖ ಇನ್ನೂ ಬಾಗಿಲಿನ ಕಡೆಗೇ ಇತ್ತು, ಕಿವಿ ಮಾತ್ರ ಕಿಟಕಿಯತ್ತ ಹೊರಳಿತ್ತು.

ಆಮೇಲಿನದು ವಾರಗಳ ಕೆಲಸ, ಅದರಲ್ಲಿ ರೋಮಾಂಚನವೇನೂ ಇಲ್ಲ. ಮೂಗಿನ ನಾದ ಬಾಯಿಗೆ ಬರಲು ಕೆಲವು ವಾರ ಹಿಡಿಯಿತು. 'ಬಾ' ಬೇಗ ಬಂತು, ಮಗಳ ಹೆಸರಿನ ಪುಣ್ಯದಿಂದ ತುಟಿಗೆ ಅದರ ಅಭ್ಯಾಸವಾಗಿತ್ತು. 'ಉಣ್ಣಾಕ್' ಬಹಳ ಸತಾಯಿಸಿತು. ಕೆಲವು ದಿನ ಬಂದದ್ದೂ ಹೋಗುತ್ತಿತ್ತು, ಅವಳು ಕೋಪದಿಂದ ತನ್ನ ಬಾಯಿಗೇ ಹೊಡೆದುಕೊಳ್ಳುತ್ತಿದ್ದಳು, ಅಂಥ ದಿನ ನಾವು ತಂಬೂರಿ ಕೇಳುತ್ತ ಸುಮ್ಮನೆ ಕೂತು ಏಳುತ್ತಿದ್ದೆವು. ಬಸ್ಸು ತಪ್ಪಿದ ದಿನ ಭಾಗ್ಯ ಫೋನು ಮಾಡಿ ಸ್ಪೀಕರಿನಲ್ಲಿಡುತ್ತಿದ್ದಳು. ಮೇಕೆಯ ಸದ್ದು, ಕೋಳಿಯ ಸದ್ದು, ನಡುವೆ ನನ್ನ ಹಾರ್ಮೋನಿಯಂ. ಅಕ್ಕಪಕ್ಕದವರು ಅದನ್ನು ಹರಿಕಥೆ ಎಂದು ತಿಳಿದು ಬಂದು ಕೂತದ್ದೂ ಉಂಟಂತೆ.

ಪೂರ್ತಿ ಬಂದ ದಿನ ನಾನು ತಂಬೂರಿಯ ತಂತಿ ಬಿಗಿ ಮಾಡುತ್ತಿದ್ದೆ, ಪಾಠ ಇನ್ನೂ ಶುರುವಾಗಿರಲಿಲ್ಲ. ಸಣ್ಣೀರಪ್ಪ ಎಂದಿನಂತೆ ಬಾಗಿಲಿನತ್ತ ತಿರುಗಿ, ಈ ಸಲ ಅವರೆಕಾಯಿ ಚೆನ್ನಾಗಿ ಬಂದಿದೆಯಂತೆ ಎಂದು ಹೆಂಡತಿಗೆ ಸುದ್ದಿ ಹೇಳುತ್ತಿದ್ದ. ಲಕ್ಕಮ್ಮ ಅವನ ಬೆನ್ನನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ನೆಟ್ಟಗೆ ಕೂತು, ಎಡಗೈಯನ್ನು ಬಾಯಿಯ ಪಕ್ಕಕ್ಕೆ ಮರೆಮಾಡಿ ಹಿಡಿದು, ಆ ಚಿಕ್ಕ ಕೋಣೆಯಲ್ಲಿ ಹೊಲದ ಅಳತೆಯ ದನಿ ತೆಗೆದಳು:

"ಉಣ್ಣಾಕ್ ಬಾ… ರಯ್ಯೋ!"

ಕೆಳಗೆ ಬೇಕರಿಯಲ್ಲಿ ಮಾತು ನಿಂತದ್ದು ನನಗೆ ಕೇಳಿಸಿತು. ಸಣ್ಣೀರಪ್ಪ ಕೋಲಿಗೆ ಕೈ ಹಾಕಲಿಲ್ಲ. "ಬಂದೆ, ಬಂದೆ ಕಣೇ" ಎನ್ನುತ್ತ ಎದ್ದವನೇ ನೇರವಾಗಿ ಕಿಟಕಿಯತ್ತ ನಡೆದ. ದಾರಿಯಲ್ಲಿದ್ದ ನನ್ನ ಹಾರ್ಮೋನಿಯಮ್ಮನ್ನು ಎಡವಿದ, ಅದು ನರಳಿತು, ಅವನು ನಿಲ್ಲಲಿಲ್ಲ. ಅವಳ ಕುರ್ಚಿಯ ಬಳಿ ಹೋಗಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ದಿನಾ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದ: "ಏನ್ ಸಾರು ಮಾಡಿದ್ದೀಯೇ?"

ಅದರ ಉತ್ತರವನ್ನು ನಾವಿನ್ನೂ ಕಲಿತಿರಲಿಲ್ಲ. ಎಡಗೈಯನ್ನು ಅವನ ತಲೆಯ ಮೇಲಿಟ್ಟು ಮತ್ತೆ ಅದೇ ಕೂಗನ್ನು, ಈ ಸಲ ಅವನಿಗೆ ಮಾತ್ರ ಕೇಳುವಷ್ಟು ಮೆತ್ತಗೆ, ಕೂಗಿದಳು. ಭಾಗ್ಯ ಕಣ್ಣೊರೆಸಿಕೊಳ್ಳುತ್ತ ಡಬ್ಬಿ ಬಿಚ್ಚಿದಳು. ಇನ್ನೂ ಹನ್ನೊಂದು ಗಂಟೆಯೂ ಆಗಿರಲಿಲ್ಲ. ಮುದ್ದೆ, ಅವರೆಕಾಳಿನ ಸಾರು. ನನಗೂ ಒಂದು ಪಾಲು ಸಿಕ್ಕಿತು. ಆ ದಿನ ನನ್ನ ಕೋಣೆಯಲ್ಲಿ ಬನ್ನಿನ ಪರಿಮಳ ಸೋತಿತು.

ಇದನ್ನು ಗೆಲುವೆಂದು ಸಾರಲು ನನಗೆ ಧೈರ್ಯವಿಲ್ಲ. ಲಕ್ಕಮ್ಮನಿಗೆ ಇಂದಿಗೂ ಕೆಲವೇ ಮಾತುಗಳು. ಡಾಕ್ಟರರ ಮಾತ್ರೆ, ಬಲಗೈಯ ವ್ಯಾಯಾಮ ಎಲ್ಲವೂ ನಡೆದೇ ಇವೆ. ಈಚೆಗೆ ವಾರಕ್ಕೊಮ್ಮೆ ಬರುವುದನ್ನು ತಿಂಗಳಿಗೊಮ್ಮೆ ಮಾಡಿಕೊಂಡಿದ್ದಾರೆ. ಆ ಕೂಗಿನ ರಾಗ ಯಾವುದೆಂದು ನಾನು ಈಗ ಹುಡುಕುವುದಿಲ್ಲ, ಅದು ಒಬ್ಬನೇ ಶ್ರೋತೃವಿಗಾಗಿ ಹುಟ್ಟಿದ್ದು, ನಾನು ಅವನಲ್ಲ.

ಮೊನ್ನೆ ಹೇಗಿದ್ದಾರೆಂದು ವಿಚಾರಿಸಲು ಫೋನು ಮಾಡಿದೆ. ಭಾಗ್ಯ ನಗುತ್ತಿದ್ದಳು.

"ನಮ್ಮಪ್ಪನ್ ಆಟ ಏನ್ ಹೇಳಾನ ಸಾರ್. ಬೆಳಗಿಂದ ನಮ್ಮವ್ವನ ಪಕ್ಕದಾಗೇ ಕೂತಿರ್ತದೆ. ಮುದ್ದೆ ತಿರುವೋ ಸದ್ದು ಕೇಳ್ತಿದ್ದಂಗೆ ಎದ್ದು, ಮೇಕೆ ಹಿಡ್ಕಂಡು, ಹುಣ್ಸೆಮರದ ತಾವ್ಕೆ ಹೋಗ್ಬುಡ್ತದೆ. ಇಗಾ ಅಡ್ಗೆ ಆಯ್ತು, ಎಲ್ಲಿಗೆ ಹೋಗ್ತೀಯಪ್ಪ ಅಂದ್ರೆ, ಸುಮ್ಕಿರವ್ವ, ನಿಮ್ಮವ್ವ ಕರೀಲಿ ಬತ್ತೀನಿ ಅಂತದೆ."